ಸಾವಾದ ಮನೆಯವರನ್ನು ‘ಮನೆ ಮಾರುತ್ತೀರಾ’ ಎಂದು ಕೇಳಬಹುದೇ?

ಮನೆ ದಲ್ಲಾಳಿ ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು: “ಯಜಮಾನರು ತೀರಿಕೊಂಡಿದ್ದಾರೆ, ಮಕ್ಕಳು ದೂರದಲ್ಲಿದ್ದಾರೆ. ಹೇಗೂ ಮಾರುತ್ತಾರೆ. ನಾವೇ ಮೊದಲು ಹೋಗಿ ಕೇಳಿದರೆ ತಪ್ಪೇನು?”

ತಪ್ಪು. ನಾನು ಹಾಗೆ ಕೇಳುವುದಿಲ್ಲ, ನನ್ನೊಂದಿಗೆ ಕೆಲಸ ಮಾಡುವವರಿಗೂ ಬಿಡುವುದಿಲ್ಲ.

ಹೇಗೂ ಮಾರುತ್ತಾರೆ ಎಂಬುದು ಎಷ್ಟೋ ಸಲ ನಿಜವೇ. ಖಾಲಿ ಮನೆಗೂ ತೆರಿಗೆ ಕಟ್ಟಬೇಕು, ಸಾಲವಿದ್ದರೆ ಕಂತು ಕಾಯುವುದಿಲ್ಲ. ಆದರೆ ಮರಣವಾರ್ತೆಯ ಪುಟದಲ್ಲಿ ಹೆಸರು ಹುಡುಕಿ ಫೋನ್ ಮಾಡುವವನು ಅವರ ಕಷ್ಟಕ್ಕೆ ಆಗಲು ಬರುವವನಲ್ಲ. ಉಯಿಲಿನ ದಾಖಲೆ ಸಾರ್ವಜನಿಕವಾಗಿರುವ ಅಮೆರಿಕದಲ್ಲಿ ಅಂಥ ಕುಟುಂಬಗಳ ಪಟ್ಟಿಯನ್ನೇ ಕೊಂಡುಕೊಳ್ಳಬಹುದು. ಮನೆಯವರು ಇನ್ನೂ ಬೆಲೆ ವಿಚಾರಿಸಿಲ್ಲ, ಕಾಗದಪತ್ರ ತೆಗೆದು ನೋಡಿಲ್ಲ, ನಾಲ್ಕು ಜನರ ಸಲಹೆ ಕೇಳಿಲ್ಲ. ಆ ಕೆಲವು ವಾರಗಳೇ ಅವನ ಬಂಡವಾಳ. ಅವನು ಕೊಡುತ್ತೇನೆನ್ನುವ ಬೆಲೆ ನ್ಯಾಯವಾದದ್ದಾಗಿದ್ದರೆ ಆರು ತಿಂಗಳ ನಂತರ ಹೇಳಲು ಅವನಿಗೇನು ಅಡ್ಡಿ?

ಅಷ್ಟೇ ಅಲ್ಲ, ಆ ದಿನಗಳಲ್ಲಿ ಮನೆ ಯಾರದ್ದೆಂಬುದೇ ಇತ್ಯರ್ಥವಾಗಿರುವುದಿಲ್ಲ. ಉಯಿಲು ಇದೆಯೇ, ವಾರಸುದಾರರು ಎಷ್ಟು ಮಂದಿ, ಎಲ್ಲರ ಒಪ್ಪಿಗೆ ಇದೆಯೇ ಎಂಬುದು ತಿಳಿಯುವ ಮೊದಲೇ, ಫೋನಿಗೆ ಸಿಕ್ಕ ಒಬ್ಬರ ಕೈಗೆ ಮುಂಗಡ ಹಣ ಇಟ್ಟು ಸಹಿ ಹಾಕಿಸಿಕೊಂಡದ್ದನ್ನು ನಾನು ನೋಡಿದ್ದೇನೆ. ಒಡಹುಟ್ಟಿದವರ ನಡುವೆ ಮಾತು ನಿಂತುಹೋಯಿತು. ತಾಯಿ ಅದೇ ಮನೆಯಲ್ಲಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ.

ವಕೀಲರ ವಿಷಯದಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. ಅಪಘಾತ ನಡೆದ 30 ದಿನಗಳೊಳಗೆ ಗಾಯಾಳುಗಳಿಗಾಗಲಿ ಮೃತರ ಬಂಧುಗಳಿಗಾಗಲಿ ವಕೀಲರು ಪತ್ರ ಬರೆದು ‘ನಿಮ್ಮ ಮೊಕದ್ದಮೆ ನಮಗೆ ಕೊಡಿ’ ಎಂದು ಕೇಳಬಾರದು ಎಂಬ ಫ್ಲೋರಿಡಾದ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1995ರಲ್ಲಿ ಎತ್ತಿಹಿಡಿಯಿತು. ಐವರು ನ್ಯಾಯಮೂರ್ತಿಗಳು ಪರ, ನಾಲ್ವರು ವಿರುದ್ಧ. ವಿರೋಧಿಸಿದವರ ವಾದದಲ್ಲೂ ಹುರುಳಿದೆ: ಬಂಧುಗಳಿಗೆ ತಮ್ಮ ಹಕ್ಕುಗಳ ಮಾಹಿತಿ ಬೇಗ ಬೇಕಾಗಬಹುದು. ಆದರೆ ಮನೆ ಕೊಳ್ಳುವವನು ತರುವುದು ಮಾಹಿತಿಯನ್ನಲ್ಲ, ಕರಾರುಪತ್ರವನ್ನು. ನನ್ನ ಮಟ್ಟಿಗೆ 30 ದಿನವೂ ಸಾಲದು.

“ನಾವು ಬಿಟ್ಟರೆ ಬೇರೆಯವರು ಹೋಗುತ್ತಾರೆ” ಎನ್ನುತ್ತಾರೆ. ಹೌದು, ಹೋಗುತ್ತಾರೆ. ಅಂಥ ಮನೆಗಳು ನನ್ನ ಕೈತಪ್ಪಿವೆ.

ಅವರಾಗಿಯೇ ಕರೆದರೆ ಖಂಡಿತ ಹೋಗುತ್ತೇನೆ. ಇನ್ನಿಬ್ಬರ ಹತ್ತಿರ ಬೆಲೆ ವಿಚಾರಿಸಿ, ಕಾಗದಪತ್ರವನ್ನು ನಿಮ್ಮದೇ ವಕೀಲರಿಗೆ ತೋರಿಸಿ ಎನ್ನುತ್ತೇನೆ. ಅದಕ್ಕೂ ಮೊದಲು, ಮನೆಯಲ್ಲಿ ಉಳಿದಿರುವವರು ಮುಂದೆ ಎಲ್ಲಿರುತ್ತಾರೆ ಎಂದು ಕೇಳುತ್ತೇನೆ. ಉತ್ತರ ಇನ್ನೂ ಸಿಕ್ಕಿಲ್ಲವೆಂದರೆ, ಅಂದು ಬೆಲೆಯ ಮಾತು ಎತ್ತದೆ ಎದ್ದು ಬರುತ್ತೇನೆ.