ಗಿಂಕ್ಗೊ ಉದುರುವ ದಿನ

ಅಮೆರಿಕದಲ್ಲಿದ್ದಾಗ ನಾವು ನಾಲ್ವರು ಗೆಳೆಯರು ವರ್ಷಕ್ಕೊಮ್ಮೆ ತಪ್ಪದೆ ಸೇರುತ್ತಿದ್ದೆವು. ಯಾವ ದಿನ ಅಂತ ಮಾತ್ರ ಯಾರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ಅದನ್ನು ತೀರ್ಮಾನಿಸುತ್ತಿದ್ದುದು ಗೆಳತಿಯ ಮನೆ ಮುಂದಿನ ಗಿಂಕ್ಗೊ ಮರ.

ಬೇರೆ ಮರಗಳು ವಾರಗಟ್ಟಲೆ ಒಂದೊಂದೇ ಎಲೆ ಬಿಡುತ್ತವೆ. ಮೇಪಲ್ ಕೆಂಪಾಗಿ, ಕಂದಾಗಿ, ನಿಧಾನಕ್ಕೆ ಬೋಳಾಗುತ್ತದೆ. ಗಿಂಕ್ಗೊ ಹಾಗಲ್ಲ. ಅದರ ಎಲೆಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹಳದಿಯಾಗುತ್ತವೆ. ತೊಟ್ಟಿನ ಬುಡದಲ್ಲಿ ಎಲೆಯನ್ನು ಕೊಂಬೆಯಿಂದ ಬೇರೆ ಮಾಡುವ ಪದರವೂ ಎಲ್ಲದಕ್ಕೂ ಸುಮಾರು ಒಂದೇ ಹೊತ್ತಿಗೆ ಸಿದ್ಧವಾಗಿರುತ್ತದೆ. ಆಮೇಲೆ ಒಂದು ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬಿತ್ತು ಅಂದರೆ ಮುಗಿಯಿತು. ಬೆಳಗ್ಗೆ ಬಿಸಿಲು ತಾಗುತ್ತಿದ್ದಂತೆ ಶುರುವಾಗಿ ಕೆಲವೇ ಗಂಟೆಗಳಲ್ಲಿ ಇಡೀ ಮರ ಖಾಲಿ.

ಆ ಬೆಳಗ್ಗೆ ಅವಳ ಫೋನ್ ಬರುತ್ತಿತ್ತು. "ಶುರುವಾಯ್ತು, ಬೇಗ ಬನ್ರೋ." ಅಷ್ಟೇ. ಹಲ್ಲುಜ್ಜದೆ ಓಡಿದ್ದೂ ಉಂಟು.

ಗಾಳಿ ಒಂದಿಷ್ಟೂ ಇರುತ್ತಿರಲಿಲ್ಲ. ಆದರೂ ಎಲೆ ಸುರಿಯುತ್ತಲೇ ಇರುತ್ತಿತ್ತು. ಬೀಸಣಿಗೆ ಆಕಾರದ ಎಲೆ, ಉದ್ದ ತೊಟ್ಟು. ಒಂದಕ್ಕೊಂದು ತಾಗಿ, ಕೊಂಬೆಗೆ ಬಡಿದು, ನೆಲಕ್ಕೆ ಬೀಳುವಾಗ ತುಂತುರು ಮಳೆಯಂಥ ಸದ್ದು. ನಾವು ಮರದ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದೆವು. ಕಾಲರ್ ಒಳಗೆಲ್ಲ ಎಲೆ. ಮಾತು ಜಾಸ್ತಿ ಇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮರದ ಸುತ್ತ ಹಳದಿ ವೃತ್ತ, ಮೇಲೆ ಬರೀ ಕಡ್ಡಿ. ತಡವಾಗಿ ಬಂದವರು ಗುಡಿಸಬೇಕು ಅನ್ನೋದು ಗೆಳತಿಯ ಕಾನೂನು. ಒಣಗಿದಂತೆ ಕಂಡರೂ ಗಿಂಕ್ಗೊ ಎಲೆ ಹಗುರವಲ್ಲ. ಕೆಳಗಿನ ಪದರ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು, ಗುಡಿಸಿದಷ್ಟೂ ಜಾರುತ್ತದೆ. ನಮ್ಮಲ್ಲೊಬ್ಬ ಪ್ರತಿ ಸಲವೂ ತಡವಾಗಿ ಬಂದು ಬೈಯುತ್ತಾ ಗುಡಿಸುತ್ತಿದ್ದ.

ಸಂಜೆ ಐದಕ್ಕೆಲ್ಲ ಕತ್ತಲು. ಹೊರಗೆ ನಿಲ್ಲಲಾರದೆ ಒಳಗೆ ಹೋಗುತ್ತಿದ್ದೆವು. ನಿಜವಾದ ಹರಟೆ ಶುರುವಾಗುತ್ತಿದ್ದುದೇ ಆಗ. ಬೇಸಿಗೆಯ ಉದ್ದನೆಯ ಸಂಜೆಗಳಲ್ಲಿ ಎಲ್ಲರಿಗೂ ಬೇರೆ ಕೆಲಸ ಇರುತ್ತಿತ್ತು. ಶರತ್ಕಾಲದಲ್ಲಿ ಕತ್ತಲು, ಚಳಿ ಎರಡೂ ಸೇರಿ ಜನರನ್ನು ಒಂದೇ ಕೋಣೆಗೆ ದೂಡುತ್ತವೆ. ನನಗೆ ನೆನಪಾಗುವುದು ಎಲೆಯ ಬಣ್ಣಕ್ಕಿಂತ ಆ ದೂಡುವಿಕೆ.

ಈಗ ಗೆಳತಿ, ಮರ ಇಬ್ಬರೂ ಅಮೆರಿಕದಲ್ಲೇ ಇದ್ದಾರೆ. ತಡವಾಗಿ ಬರುತ್ತಿದ್ದವನು ಜರ್ಮನಿಗೆ ಹೋದ. ಇನ್ನೊಬ್ಬ ಮೆಲ್ಬರ್ನ್‌ನಲ್ಲಿದ್ದಾನೆ. ನಾನಿರುವಲ್ಲಿ ಮರಗಳು ವರ್ಷವಿಡೀ ಹಸಿರು. ನವೆಂಬರ್ ಬಂತು ಅಂತ ಕ್ಯಾಲೆಂಡರ್ ನೋಡಿಯೇ ತಿಳಿಯಬೇಕು.

ಫೋನಿನಲ್ಲಾದರೂ ಸೇರೋಣ ಅಂದರೆ ಗಡಿಯಾರಗಳ ಕಾಟ. ಅವರು ಮೂವರೂ ಇರುವಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಸಮಯ. ಮೆಲ್ಬರ್ನ್‌ನಲ್ಲಿ ಅಕ್ಟೋಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಯುರೋಪಿನಲ್ಲಿ ಆ ತಿಂಗಳ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ. ಅಮೆರಿಕದಲ್ಲಿ ಹಿಂದಕ್ಕೆ ಬರುವುದು ನವೆಂಬರ್ ಮೊದಲ ಭಾನುವಾರ. ನಾವು ಒಬ್ಬರಿಗೊಬ್ಬರು ಹೆಚ್ಚು ಬೇಕಾಗುವ ಆ ವಾರಗಳಲ್ಲೇ ನಮ್ಮ ನಡುವಿನ ಅಂತರ ಮೂರು ಸಲ ಬದಲಾಗುತ್ತದೆ!

ಹೋದ ವರ್ಷ ನವೆಂಬರ್‌ನಲ್ಲಿ ಅವಳ ವಿಡಿಯೋ ಕಾಲ್ ಬಂತು. ಅವಳಿಗೆ ಬೆಳಗಿನ ಎಂಟು, ನನಗೆ ಸಂಜೆ. ಜರ್ಮನಿಯವನು ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದ. ಮೆಲ್ಬರ್ನ್‌ನವನಿಗೆ ನಡುರಾತ್ರಿ, ಕಣ್ಣು ಅರ್ಧ ಮುಚ್ಚಿತ್ತು. "ನೋಡ್ರೋ" ಅಂತ ಅವಳು ಫೋನನ್ನು ಮರದ ಕಡೆ ತಿರುಗಿಸಿದಳು.

ಎಲೆ ಸುರಿಯುತ್ತಿತ್ತು. ಸದ್ದೇ ಇಲ್ಲ.

ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡೆವು. ಆದರೆ ಅವಳ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಆಮೇಲೆ ಹೊಳೆಯಿತು. ಮಾತು ಚೆನ್ನಾಗಿ ಕೇಳಲಿ ಅಂತ ಈ ಆ್ಯಪ್‌ಗಳು ಹಿನ್ನೆಲೆಯ ಸದ್ದನ್ನು ಅಳಿಸಿಹಾಕುತ್ತವೆ. ಒಂದೇ ಸಮನೆ ಬರುವ ಸದ್ದು ಅವಕ್ಕೆ ಗಲಾಟೆ. ನಾವು ವರ್ಷವಿಡೀ ಕಾದಿದ್ದ ಸದ್ದನ್ನೇ ಗಲಾಟೆ ಅಂತ ಒರೆಸಿ ಹಾಕಿತ್ತು! ಸೆಟ್ಟಿಂಗ್ ಹುಡುಕಿ ಅದನ್ನು ಆಫ್ ಮಾಡುವಷ್ಟರಲ್ಲಿ ಅರ್ಧ ಮರ ಖಾಲಿ. ಕೊನೆಗೆ ಕೇಳಿಸಿತು, ಒಂದಿಷ್ಟು ಕರಕರ ಅಂತ. ಮೆಲ್ಬರ್ನ್‌ನವನು ಅಷ್ಟರಲ್ಲಿ ನಿದ್ದೆ ಹೋಗಿದ್ದ.

ಅವನಿರುವುದು ಭೂಮಿಯ ದಕ್ಷಿಣಾರ್ಧದಲ್ಲಿ, ಋತುಗಳು ನಮಗೆ ತಿರುಗುಮುರುಗು. ಅವನಿಗಂತೂ ಶರತ್ಕಾಲ ಮಾರ್ಚ್‌ನಿಂದ ಮೇವರೆಗೆ. ನಾವು ಹಳೆಯದನ್ನೆಲ್ಲ ನೆನೆದು ಪೇಚಾಡುವಾಗ ಅವನ ಬೀದಿಯಲ್ಲಿ ಚಿಗುರು. ಮೇ ತಿಂಗಳಲ್ಲಿ ಹಳದಿ ಎಲೆಯ ಫೋಟೋ ಹಾಕುತ್ತಾನೆ. ಆಗ ನಾವು ಸೆಕೆ ಅಂತ ಗೊಣಗುತ್ತಾ ಒಂದು ಲೈಕ್ ಒತ್ತಿ ಸುಮ್ಮನಾಗುತ್ತೇವೆ. ಪಾಪ, ಅವನ ಶರತ್ಕಾಲಕ್ಕೆ ಜೊತೆ ಯಾರೂ ಇಲ್ಲ.

ಹೋಗಿಬರೋಣ ಅಂದರೆ ರಜೆ ಅರ್ಜಿಯಲ್ಲಿ ತಾರೀಕು ಬರೆಯಬೇಕು, ಅಲ್ವಾ? ಮರ ಉದುರಿದಾಗ ಬರುತ್ತೇನೆ ಅಂತ ಟಿಕೆಟ್ ಬುಕ್ ಮಾಡೋಕಾಗಲ್ಲ. ಆದರೂ ಈ ಸಲ ನವೆಂಬರ್‌ನ ಎರಡು ವಾರ ರಜೆ ಕೇಳಿದ್ದೇನೆ. ಸಿಕ್ಕಿದೆ. ಗೆಳತಿಗೆ ಹೇಳಿ, "ನಾನು ಬರುವ ಮೊದಲೇ ಉದುರಿಬಿಟ್ಟರೆ?" ಅಂತ ಕೇಳಿದೆ.

"ತಡವಾಗಿ ಬಂದ ಹಾಗಾಯ್ತು," ಅಂದಳು. "ಪೊರಕೆ ತೆಗೆದಿಟ್ಟಿರ್ತೀನಿ."