ಆರ್ಮ್ ಲ್ಯಾಪ್‌ಟಾಪ್ ಬಂತು, ಡ್ರೈವರ್ ಬಂದಿಲ್ಲ

14 ಡಿಸೆಂಬರ್ 2024, ಶನಿವಾರ

ಹೊಸ ಲ್ಯಾಪ್‌ಟಾಪಿಗೆ ನನ್ನ ಸ್ಕ್ಯಾನರ್ ಹೊಂದುವುದಿಲ್ಲ ಅಂತ ಇವತ್ತು ಖಾತ್ರಿಯಾಯಿತು. ಇದು ಆರ್ಮ್ ಚಿಪ್ಪಿನದು (ಇಂಟೆಲ್, ಎಎಂಡಿ ಚಿಪ್ಪುಗಳಿಗಿಂತ ಬೇರೆ ಬಗೆ), ವಿಂಡೋಸ್ 11. ಸ್ಕ್ಯಾನರನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇದಕ್ಕೆ ಇನ್ನೂ ಬಂದಿಲ್ಲ. ಸ್ಕ್ಯಾನರ್ ಕಂಪನಿಯ ಹೆಸರು ಬೇಡ ಬಿಡಿ. ಈ ಬಗೆಯ ಸ್ಕ್ಯಾನರ್ ಬೇಕೆಂದರೆ ಎಲ್ಲರೂ ಹೋಗುವುದು ಅವರ ಹತ್ತಿರವೇ. "ಆರ್ಮ್ ಡ್ರೈವರ್ ನಮ್ಮ ಯೋಜನೆಯಲ್ಲಿದೆ" ಅಂತ ಉತ್ತರ ಬಂತು. ಯಾವಾಗ ಅಂತ ಕೇಳಿದೆ. ಅದೇ ಸಾಲು ಮತ್ತೆ ಬಂತು!

ಟಾಸ್ಕ್ ಮ್ಯಾನೇಜರ್ ತೆರೆದು 'ಆರ್ಕಿಟೆಕ್ಚರ್' ಕಾಲಂ ಹಾಕಿಕೊಂಡು ನೋಡಿದೆ. ಬ್ರೌಸರ್ ಮುಂದೆ ಆರ್ಮ್64 ಅಂತಿದೆ. ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರ್‌ಗಳ ಮುಂದೆ ಮಾತ್ರ ಎಕ್ಸ್64. ಅಂದರೆ ಇಂಟೆಲ್, ಎಎಂಡಿ ಚಿಪ್ಪಿಗೆ ಬರೆದದ್ದನ್ನು ವಿಂಡೋಸ್ ಆಗಿಂದಾಗಲೇ ಆರ್ಮ್‌ಗೆ ಬದಲಾಯಿಸಿ ನಡೆಸುತ್ತಿದೆ. ಓಡುತ್ತವೆ, ಇಲ್ಲ ಅನ್ನುವುದಿಲ್ಲ. ಬ್ಯಾಟರಿ ಜಾಸ್ತಿ ತಿನ್ನುತ್ತವೆ ಅಷ್ಟೆ. ಆದರೆ ಈ ಎಮ್ಯುಲೇಶನ್ ಡ್ರೈವರ್‌ಗೆ ನಡೆಯುವುದಿಲ್ಲ. ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೆ ಕೂರುವ ಡ್ರೈವರನ್ನು ಆರ್ಮ್‌ಗೆಂದೇ ಕಂಪೈಲ್ ಮಾಡಿ, ಅಂದರೆ ಆ ಚಿಪ್ಪಿನ ಭಾಷೆಗೆ ಇಳಿಸಿ, ಕೊಡಬೇಕು. ಅದಕ್ಕೆ ಬೇಕಾದ ಸೋರ್ಸ್ ಕೋಡ್ (ಪ್ರೋಗ್ರಾಮರ್ ಬರೆದ ಮೂಲ) ಇರುವುದು ಕಂಪನಿಯ ಕೈಯಲ್ಲಿ. ನಾವು ಸುಮ್ನೆ ಕಾಯಬೇಕು.

ತಮಾಷೆ ಅಂದರೆ, ಇದೇ ಸ್ಕ್ಯಾನರ್ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಚುಚ್ಚಿದರೆ ಓಡುತ್ತದೆ. ಅದೂ ಆರ್ಮ್ ಚಿಪ್ಪೇ! ಅದರಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ಅದರ ಸ್ಕ್ಯಾನರ್ ತಂತ್ರಾಂಶ 'ಸೇನ್'ನಲ್ಲಿ ಯಾರೋ ಪುಣ್ಯಾತ್ಮರು ಈ ಮಾಡೆಲಿಗೆ ಕೋಡ್ ಬರೆದಿಟ್ಟಿದ್ದಾರೆ. ಕೋಡ್ ಎಲ್ಲರ ಕೈಗೂ ಸಿಗುವುದರಿಂದ ಯಾವ ಚಿಪ್ಪಿಗೆ ಬೇಕಾದರೂ ಕಂಪೈಲ್ ಮಾಡಿಕೊಳ್ಳಬಹುದು.

ಹೊಸ ಬಗೆಯ ಚಿಪ್ಪು ಬಂದರೂ ಅದಕ್ಕೆ ತಂತ್ರಾಂಶ ತಡವಾಗುವುದು ಹೊಸ ಗೋಳಲ್ಲ. ಎಎಂಡಿಯ 64 ಬಿಟ್ ಚಿಪ್ಪು ಆಪ್ಟೆರಾನ್ ಬಂದದ್ದು 2003ರ ಏಪ್ರಿಲ್‌ನಲ್ಲಿ. ಅದಕ್ಕೆ ಹೊಂದುವ ವಿಂಡೋಸ್ ಎಕ್ಸ್‌ಪಿ ಬರುವಷ್ಟರಲ್ಲಿ 2005ರ ಏಪ್ರಿಲ್. ಬ್ರೌಸರಿನಲ್ಲಿ ವಿಡಿಯೋ, ಆಟ ತೋರಿಸುತ್ತಿದ್ದ ಅಡೋಬಿ ಫ್ಲ್ಯಾಶ್‌ದು ಇನ್ನೂ ನಿಧಾನ. 64 ಬಿಟ್ ಲಿನಕ್ಸ್‌ಗೆ 2008ರ ನವೆಂಬರ್‌ನಲ್ಲಿ ಒಂದು ಪ್ರಯೋಗದ ಆವೃತ್ತಿ ಕೊಟ್ಟರು, 2010ರಲ್ಲಿ ಅದನ್ನೂ ನಿಲ್ಲಿಸಿದರು. ಪೂರ್ತಿ ಬೆಂಬಲ ಸಿಕ್ಕಿದ್ದು 2011ರ ಅಕ್ಟೋಬರ್‌ನಲ್ಲಿ, ಫ್ಲ್ಯಾಶ್ 11ರ ಜೊತೆ. ಅವರ ಕಷ್ಟವೂ ಇತ್ತು ಅನ್ನಿ. ಫ್ಲ್ಯಾಶ್ ಒಳಗಿನ ಜಿಟ್ ಕಂಪೈಲರ್ (ಓಡುವಾಗಲೇ ಕೋಡನ್ನು ಚಿಪ್ಪಿನ ಭಾಷೆಗೆ ಇಳಿಸುವ ಭಾಗ) ನೇರವಾಗಿ ಮೆಷಿನ್ ಕೋಡನ್ನೇ ತಯಾರಿಸುತ್ತಿತ್ತು. ಚಿಪ್ ಬದಲಾದರೆ ಆ ಭಾಗವನ್ನು ಹೊಸದಾಗಿ ಬರೆಯಬೇಕು. ಆದರೂ ಎಂಟು ವರ್ಷ?

ಕಷ್ಟ ಅನ್ನುವ ನೆಪವನ್ನು ನಾನು ಪೂರ್ತಿ ನಂಬದಿರಲು ಗೂಗಲ್ ಕ್ರೋಮ್ ಕಾರಣ. 2020ರ ನವೆಂಬರ್‌ನಲ್ಲಿ ಆರ್ಮ್ ಬಗೆಯ ಎಂ1 ಚಿಪ್ಪಿನ ಆಪಲ್ ಮ್ಯಾಕ್‌ಗಳು ಬಂದ ವಾರದಲ್ಲೇ ಅದಕ್ಕೆ ಕ್ರೋಮ್ ಸಿದ್ಧವಿತ್ತು. ಮ್ಯಾಕ್ ಬಳಸುವವರೆಲ್ಲ ಅತ್ತ ಹೋಗುವುದು ಖಂಡಿತ, ತಡ ಮಾಡಿದರೆ ಗಿರಾಕಿ ಆಪಲ್‌ನದೇ ಬ್ರೌಸರ್ ಸಫಾರಿಯ ಪಾಲು. ವಿಂಡೋಸ್‌ನ ಆರ್ಮ್ ಲ್ಯಾಪ್‌ಟಾಪ್‌ಗಳು 2018ರಿಂದಲೇ ಸಿಗುತ್ತಿದ್ದವು. ಅವಕ್ಕೆ ಕ್ರೋಮ್ ಬಂದದ್ದು 2024ರ ಮಾರ್ಚ್‌ನಲ್ಲಿ. ಕ್ರೋಮ್‌ಗೆ ಬುನಾದಿಯಾದ ಅದೇ ಕ್ರೋಮಿಯಂ ಕೋಡಿನ ಮೇಲೆ ಕಟ್ಟಿದ ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್ ಅಷ್ಟರಲ್ಲಿ ಆ ಲ್ಯಾಪ್‌ಟಾಪ್‌ಗಳಲ್ಲಿ ವರ್ಷಗಟ್ಟಲೆ ಓಡಿಯಾಗಿತ್ತು.