‘ಟಿ’ ಅಲ್ಲ, ‘ಟೆ’

ಬೀದರ್‌ನಲ್ಲಿ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ಕಲಬುರಗಿಗೆ ವಾಪಸ್ ಹೊರಟಿದ್ದೆ. ರೈಲಿನಲ್ಲಿ. ಬಸ್ಸಿನಲ್ಲಿ ಪದಬಂಧ ತುಂಬಲು ಆಗುವುದಿಲ್ಲ, ಗುಂಡಿಗೆ ಇಳಿದಾಗಲೆಲ್ಲ ಅಕ್ಷರ ಪಕ್ಕದ ಮನೆಗೆ ಜಿಗಿಯುತ್ತದೆ. 2017ರಲ್ಲಿ ಈ ಲೈನು ಶುರುವಾದ ಮೇಲೆ ನನಗಾದ ದೊಡ್ಡ ಲಾಭ ಇದೇ. ನೂರಾ ಹತ್ತು ಕಿಲೋಮೀಟರ್, ಕಿಟಕಿ ಪಕ್ಕದ ಸೀಟು, ಮಡಚಿದ ಪೇಪರ್, ಕೈಯಲ್ಲಿ ಪೆನ್ನು.

ಹೌದು, ಪೆನ್ನೇ. ಪೆನ್ಸಿಲ್ ಹಿಡಿಯುವವರ ಬಗ್ಗೆ ನನಗೆ ಒಳಗೊಳಗೇ ತಾತ್ಸಾರ. ಸೊಕ್ಕು ಅಂದರೆ ಸೊಕ್ಕು, ಇರಲಿ.

ಕನ್ನಡದ ಪದಬಂಧದ ಮಜಾ ಬೇರೆಯೇ. ಒಂದು ಮನೆಗೆ ಒಂದು ಅಕ್ಷರ. ಒತ್ತು, ಗುಣಿತ, ಸೊನ್ನೆ ಎಲ್ಲ ಅದರೊಳಗೇ ಕೂರಬೇಕು. ‘ಸ್ತ್ರೀ’ ಎಷ್ಟು ಭಾರ ಹೊತ್ತರೂ ಅವಳಿಗೆ ಸಿಗುವುದು ಒಂದೇ ಮನೆ! ಎಡದಿಂದ ಬಲಕ್ಕೆ ‘ಕ’ ಬಂದರೆ ಮೇಲಿನಿಂದ ಕೆಳಕ್ಕೂ ‘ಕ’ನೇ ಬರಬೇಕು, ‘ಕಿ’ ಬಂದರೆ ನಡೆಯುವುದಿಲ್ಲ. ಎಷ್ಟೋ ಸಲ ಇಡೀ ಪದ ಗೊತ್ತಿದ್ದರೂ ಒಂದು ಗುಡಿಸಿನಲ್ಲಿ ಸಿಕ್ಕಿಬೀಳುತ್ತೇವೆ.

ಎದುರಿನ ಸೀಟಿನಲ್ಲಿ ಒಬ್ಬ ಮುತ್ಯಾ ಕೂತಿದ್ದರು. ಬಿಳಿ ರುಮಾಲು, ತೊಡೆಯ ಮೇಲೆ ಬಟ್ಟೆ ಸುತ್ತಿದ ಏಕತಾರಿ. ಬಹಳ ಹೊತ್ತು ನನ್ನನ್ನೇ ನೋಡಿದರು.

“ಏನವ್ವ, ಅವಾಗಿನಿಂದ ಲೆಕ್ಕ ಮಾಡ್ಲಾಕತ್ತಿದಿ?”

“ಲೆಕ್ಕ ಅಲ್ಲ ಮುತ್ಯಾ, ಪದಬಂಧ.” ಹೇಗೆ ಆಡುವುದು ಅಂತ ಹೇಳಿದೆ. ಸುಮ್ನೆ ಒಂದು ಸುಳಿವನ್ನು ಜೋರಾಗಿ ಓದಿದೆ. ಬೆಳೆಸಾಲಿನ ನಡುವೆ ಕಳೆ ತೆಗೆಯಲು ಎತ್ತು ಎಳೆಯುವ ಸಾಧನ, ನಾಲ್ಕಕ್ಷರ.

“ಎಡಿಕುಂಟಿ,” ಅಂದರು. ಇದೂ ಒಂದು ಪ್ರಶ್ನೆಯೇ ಅನ್ನುವ ಹಾಗೆ.

ಮನೆ ಎಣಿಸಿದೆ. ಸರಿಯಾಗಿ ನಾಲ್ಕು. ಆದರೆ ಕೊನೆಯ ಮನೆಯಲ್ಲಿ ಆಗಲೇ ‘ಕೋಟೆ’ಯ ‘ಟೆ’ ಕೂತಿತ್ತು. ‘ಟಿ’ ಹೊಂದುವುದಿಲ್ಲ. “ಅದಲ್ಲ ಮುತ್ಯಾ,” ಅಂದೇಬಿಟ್ಟೆ. ಅರ್ಧ ನಿಮಿಷ ಕಳೆದ ಮೇಲೆ ನಾಚಿಕೆಯಾಯಿತು. ನಾನೇನು ಮನೆಯಲ್ಲಿ ‘ಮನೆ’ ಅಂತೀನಾ? ಮನಿ, ಮಳಿ, ಹೊಳಿ ಅಂತಲೇ ಬೆಳೆದವಳು. ನಮ್ಮ ಬಾಯಲ್ಲಿ ಕೋಟೆಯೂ ‘ಕ್ವಾಟಿ’ಯೇ. ಪೇಪರಿನವರಿಗೆ ಮಾತ್ರ ಎಡೆಕುಂಟೆ. ಬರೆದೆ. ಚೊಕ್ಕಟವಾಗಿ ಕೂತಿತು.

ಹುಮನಾಬಾದ್‌ನಲ್ಲಿ ಮದುವೆಗೆ ಹೊರಟ ಒಂದು ದಂಡು ಹತ್ತಿತು. ಚೀಲ ಇಡುವ ಮೊದಲೇ ಅಂತ್ಯಾಕ್ಷರಿ ಶುರು. ನಾಲ್ಕು ಹುಡುಗಿಯರು ಒಂದು ಕಡೆ, ಅವರ ಅತ್ತಿ, ವೈನಿ ಇನ್ನೊಂದು ಕಡೆ. ಅತ್ತಿ ಹಳೇ ಸಿನಿಮಾ ಹಾಡುಗಳ ಗಣಿ. ಹುಡುಗಿಯರು ಪಲ್ಲವಿ ಮುಗಿಸುವುದರೊಳಗೆ ಮುಂದಿನದು ತಯಾರು. ಎಲ್ಲ ಚೆನ್ನಾಗಿಯೇ ನಡೆದಿತ್ತು, ‘ಳ’ ಬರುವವರೆಗೆ.

“ಳ ದಿಂದ ಯಾರು ಹಾಡ್ತಾರ ಅತ್ತೀ? ಲ ತಗೋತೀವಿ.”

“ಮೊನ್ನಿ ನಾ ಲ ತಗೊಂಡಾಗ ಒಲ್ಲೆ ಅಂದ್ರಿ. ಈಗ ಹ್ಯಾಂಗ ನಡಿತದ?”

ಕನ್ನಡದಲ್ಲಿ ಪದಗಳು ‘ಳ’ದಲ್ಲಿ, ‘ಣ’ದಲ್ಲಿ ಬೇಕಾದಷ್ಟು ಮುಗಿಯುತ್ತವೆ, ಆದರೆ ಹಾಡು ಎತ್ತಲು ಆ ಅಕ್ಷರದಿಂದ ಒಂದು ಪದವೂ ಸಿಗುವುದಿಲ್ಲ. ಅದಕ್ಕೇ ‘ಲ’, ‘ನ’ ಹಿಡಿಯುವ ರೂಢಿ. ಆದರೆ ರೂಢಿಗೆ ಯಾರು ಬಗ್ಗುತ್ತಾರೆ? ‘ಜಗಳ’ ಅನ್ನುವ ಪದವೇ ‘ಳ’ದಲ್ಲಿ ಮುಗಿಯುತ್ತದೆ ನೋಡಿ.

ಜಗಳ ಬಿಡಿಸಲೆಂದು ಒಬ್ಬ ಹುಡುಗಿ ಮುತ್ಯಾನ ಕಡೆ ತಿರುಗಿ, “ನೀವೊಂದ್ ಹಾಡ್ರಿ, ನಿಮ್ಮ ಕಡಿ ಅಕ್ಷರದಿಂದ ನಾವು ಹಿಡೀತೀವಿ,” ಅಂದಳು.

ಅವರು ನಕ್ಕರು. “ನಮ್ಮ ಪದಕ್ಕ ಕಡಿ ಅಕ್ಷರ ಎಲ್ಲದವ್ವ? ಅಂಕಿತ ಬಂದ ಮ್ಯಾಲೂ ತಿರುಗಿ ಪಲ್ಲವಿಗೇ ಬರ್ತದ.”

ಏಕತಾರಿಯ ಬಟ್ಟೆ ಬಿಚ್ಚಿ ಕಡಕೋಳ ಮಡಿವಾಳಪ್ಪನವರ ಒಂದು ತತ್ವಪದ ಎತ್ತಿದರು. ದಮ್ಮಡಿ ಇಲ್ಲ, ತಾಳ ಇಲ್ಲ. ಅತ್ತಿ ಟಿಫಿನ್ ಡಬ್ಬಿಯ ಮುಚ್ಚಳ ತಟ್ಟತೊಡಗಿದರು, ಲಯ ಒಂಚೂರೂ ತಪ್ಪಲಿಲ್ಲ. ಮರಗುತ್ತಿ ಹತ್ತಿರ ಸುರಂಗ ಬಂತು. ಕತ್ತಲು. ಗಾಲಿಗಳ ಗದ್ದಲ ಗೋಡೆಗೆ ಬಡಿದು ಒಳಗೆ ಬಂತು, ಮುತ್ಯಾನ ದನಿ ಮುಳುಗಿಯೇ ಹೋಯಿತು. ಒಂದು ಮಗು ಚೀರಿತು. ಬೆಳಕು ಬಂದಾಗ ನೋಡಿದರೆ ಅವರು ಹಾಡು ನಿಲ್ಲಿಸಿಯೇ ಇರಲಿಲ್ಲ. ಕಣ್ಣು ಮುಚ್ಚಿದ್ದವರಿಗೆ ಸುರಂಗ ಬಂದದ್ದು ಗೊತ್ತಾಯಿತೋ ಇಲ್ಲವೋ. ಅವರ ಮಾತಿನಂತೆಯೇ ಪದ ತಿರುಗಿ ಪಲ್ಲವಿಗೆ ಬಂತು. ಆಗ ಹುಡುಗಿಯರೂ ದನಿಗೂಡಿಸಿದರು. ‘ಳ’ ಎಲ್ಲಿಗೆ ಹೋಯಿತೋ, ಯಾರೂ ಕೇಳಲಿಲ್ಲ.

ಕಮಲಾಪುರ ದಾಟಿದ ಮೇಲೆ ಮತ್ತೆ ಪೇಪರ್ ತೆಗೆದೆ. ಒಂದೇ ಒಂದು ಪದ ಉಳಿದಿತ್ತು. ‘ಸಾಲ ಕೊಟ್ಟವನು ಬಾಗಿಲಿಗೆ ಬರುವುದು ಇದಕ್ಕೆ’, ಮೂರಕ್ಷರ. ಮೊದಲನೆಯದು ‘ವಿ’, ಕೊನೆಯದು ‘ಲಿ’. ‘ವಿ’ ಬಂದದ್ದು ‘ಮುಂಜಾನೆಯ ರಾಗ’ ಎಂಬ ಸುಳಿವಿಗೆ ನಾನು ಬರೆದ ‘ಭೈರವಿ’ಯಿಂದ. ಎಷ್ಟೋ ವರ್ಷ ರೇಡಿಯೋದಲ್ಲಿ ಹಿಂದೂಸ್ತಾನಿ ಕೇಳಿದವಳು ನಾನು, ಅದರಲ್ಲಿ ಅನುಮಾನವೇ ಇರಲಿಲ್ಲ. ‘ವಿನಂತಿ’ ಅಂತ ಹಾಕಿ ನೋಡಿದೆ. ಸಾಲ ಕೊಟ್ಟವನು ವಿನಂತಿ ಮಾಡುತ್ತಾನಾ? ‘ಲಿ’ಯೂ ಹೊಂದಲಿಲ್ಲ.

ಮುತ್ಯಾನನ್ನೇ ಕೇಳಿದೆ.

“ವಸೂಲಿ. ಮತ್ತೇನು?”

“ಇಲ್ಲ ಮುತ್ಯಾ, ‘ವಿ’ಯಿಂದ ಶುರು ಆಗಬೇಕು.”

“ವಿ ಅಂತ ಯಾರು ಬರದಾರ?”

“ನಾನೇ.”

ಅವರು ಏನೂ ಅನ್ನಲಿಲ್ಲ. ಏಕತಾರಿಗೆ ಬಟ್ಟೆ ಸುತ್ತುತ್ತಾ ಕೂತರು. ಕಲಬುರಗಿ ಸ್ಟೇಷನ್ ಬಂತು.

ಮರುದಿನ ಪೇಪರಿನಲ್ಲಿ ಉತ್ತರ ಬಂದಿತ್ತು. ಮುಂಜಾನೆಯ ರಾಗ, ಭೈರವ. ಅದರ ‘ವ’ ಹಿಡಿದು ಕೆಳಗಿಳಿದರೆ, ವಸೂಲಿ.

ಅಂದಹಾಗೆ ನಾನು ಕೆಲಸ ಮಾಡುವುದು ಬ್ಯಾಂಕಿನಲ್ಲಿ. ಸಾಲದ ವಿಭಾಗದಲ್ಲಿ, ಹನ್ನೊಂದು ವರ್ಷದಿಂದ. ಆ ಪೇಪರನ್ನು ಯಾರೂ ನೋಡುವ ಮೊದಲೇ ಮಡಚಿ ರದ್ದಿಗೆ ಹಾಕಿದೆ.